ಕೊನೆಯ ಎರಡು ಕಾರ್ತೂಸು

2023ರ ಏಪ್ರಿಲ್ ಮೊದಲ ವಾರ. ವಿಧಾನಸಭೆ ಚುನಾವಣೆಯ ನೀತಿ ಸಂಹಿತೆ ಆಗಷ್ಟೇ ಜಾರಿಯಾಗಿತ್ತು. ಅಂಥ ದಿನಗಳಲ್ಲಿ ಕಲಬುರಗಿಯ ನನ್ನ ಬಂದೂಕು ರಿಪೇರಿ ಅಂಗಡಿಗೆ ಜನ ಜಾಸ್ತಿ. ಲೈಸೆನ್ಸ್ ಇದ್ದವರು ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಕೊಡುವ ಮುಂಚೆ ಒಮ್ಮೆ ಒರೆಸಿಕೊಂಡು ಹೋಗೋಣ ಅಂತ ಬರುತ್ತಾರೆ. ವರ್ಷಗಟ್ಟಲೆ ಮುಟ್ಟದಿದ್ದವರಿಗೂ ಆಗಲೇ ನೆನಪಾಗುತ್ತದೆ.

ಮಧ್ಯಾಹ್ನ ಎರಡರ ಬಿಸಿಲು. ಶಹಾಪುರ ಕಡೆಯ ಗೌಡರೊಬ್ಬರು ಬಂದರು. ಕೈಯಲ್ಲಿ ಲೈಸೆನ್ಸ್ ಪುಸ್ತಕ ಮಾತ್ರ ಇತ್ತು, ಬಂದೂಕು ಇರಲಿಲ್ಲ.

"ಮಿಸ್ತ್ರಿ, ಬಂದೂಕ ಗಾಡ್ಯಾಗ ಅದ. ಒಳಗ ಒಂದು ಜೀವಂತ ಕಾರ್ತೂಸ ಸಿಕ್ಕೊಂಡದ. ಹಿಂದಕ್ಕೂ ಬರವಲ್ದು, ಮುಂದಕ್ಕೂ ಹೋಗವಲ್ದು. ಒಳಗ ತರ್ಲೋ ಬ್ಯಾಡೋ?"

ಈ ಒಂದು ಪ್ರಶ್ನೆಗೇ ಅವರ ಮೇಲೆ ಗೌರವ ಬಂತು. ಎಷ್ಟೋ ಮಂದಿ ತುಂಬಿದ ಬಂದೂಕನ್ನು ಸೀದಾ ಮೇಜಿನ ಮೇಲೆ ಇಟ್ಟು, ಆಮೇಲೆ ಹೇಳುತ್ತಾರೆ. ನಾನೇ ಗಾಡಿಯ ಹತ್ತಿರ ಹೋದೆ. ಹಿಂದಿನ ಸೀಟಿನಲ್ಲಿ ಕಂಬಳಿಯಲ್ಲಿ ಸುತ್ತಿದ್ದ ಹಳೆಯ ಲಿವರ್ ರೈಫಲ್ ಇತ್ತು, ಕೆಳಗಿನ ಹಿಡಿಯನ್ನು ಎಳೆದು ಮುಚ್ಚಿ ಕಾರ್ತೂಸು ಹತ್ತಿಸುವಂಥದ್ದು. ಲಿವರ್ ಅರ್ಧ ತೆರೆದು ನಿಂತಿತ್ತು.

ವಿಂಚೆಸ್ಟರ್ 94. ಜಾನ್ ಬ್ರೌನಿಂಗ್ 1894ರಲ್ಲಿ ರೂಪಿಸಿದ ಮಾದರಿ. 20 ಇಂಚಿನ ನಳಿಗೆ, ಅದರ ಕೆಳಗೆ ಅಷ್ಟೇ ಉದ್ದದ ಮ್ಯಾಗಜೀನ್ ನಳಿಕೆ. ಕಾರ್ತೂಸು .30-30, ಎಲ್ಲರ ಬಾಯಲ್ಲಿ 'ಥರ್ಟಿ ಥರ್ಟಿ'. ಮೊದಲ ಮೂವತ್ತು ಗುಂಡಿನ ಅಳತೆ, ಎರಡನೆಯ ಮೂವತ್ತು ಅದಕ್ಕೆ ತುಂಬುತ್ತಿದ್ದ ಮದ್ದಿನ ತೂಕ. 1964ರಲ್ಲಿ ಕಂಪನಿ ಈ ಬಂದೂಕು ಮಾಡುವ ರೀತಿಯನ್ನೇ ಬದಲಾಯಿಸಿತು. ಗೌಡರದು ಅದಕ್ಕೂ ಮುಂಚಿನದು. ಒಳಗಿನ ಭಾಗಗಳೆಲ್ಲ ಗಟ್ಟಿ ಉಕ್ಕಿನಿಂದ ಕಡಿದು ಮಾಡಿದವು.

ಅವರ ಅಜ್ಜ ಇದನ್ನು ಹೈದರಾಬಾದಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದರಂತೆ. ಬೇಟೆಗೆ ಅಂತಲೇ ಕೊಂಡದ್ದು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಬೇಟೆ ನಿಂತಿತು. ಆಮೇಲೆ ಈ ರೈಫಲ್ ಮನೆಯ ಗೋಡೆ, ತೋಟದ ಮನೆ, ದಸರೆಯ ಖಂಡೆ ಪೂಜೆ (ಆಯುಧ ಪೂಜೆ) ಇಷ್ಟರಲ್ಲೇ ದಿನ ಕಳೆದಿದೆ. ಗೌಡರ ಹೆಸರಿನಲ್ಲಿ ಮೊದಲು ಮೂರು ಬಂದೂಕು ಇದ್ದವು. 2019ರ ತಿದ್ದುಪಡಿ ಒಬ್ಬರಿಗೆ ಎರಡೇ ಅಂತ ಮಾಡಿತು. ಪಿತ್ರಾರ್ಜಿತ ಆದರೂ ಲೆಕ್ಕ ಅಷ್ಟೇ. ಅವರು ಚೆನ್ನಾಗಿ ನಡೆಯುತ್ತಿದ್ದ ಒಂದನ್ನು ಬಿಟ್ಟುಕೊಟ್ಟು, ಸಿಕ್ಕಿಬೀಳುವ ಇದನ್ನು ಇಟ್ಟುಕೊಂಡಿದ್ದರು. "ಅಜ್ಜಂದ್ರಿ," ಅಂದರು. ಅದಕ್ಕೆ ನಾನೇನು ಹೇಳಲಿ.

ಮೊದಲ ದಿನದ ಕೆಲಸ

ಆ ದಿನ ರಿಪೇರಿ ಮಾತೇ ಇಲ್ಲ. ಒಳಗಿನ ಕಾರ್ತೂಸುಗಳನ್ನು ತೆಗೆಯುವುದಷ್ಟೇ ಕೆಲಸ. ಠಾಣೆಯವರು ತುಂಬಿದ ಬಂದೂಕನ್ನು ತೆಗೆದುಕೊಳ್ಳುವುದಿಲ್ಲ.

ಗೌಡರು ಬೆಳಿಗ್ಗೆ ಮನೆಯಲ್ಲಿ ಬಂದೂಕು ಖಾಲಿ ಮಾಡಲು ಕೂತಿದ್ದರು. ಒಳಗೆ ಆರು ಇದ್ದವು. ಲಿವರ್ ಎಳೆದು ಎಳೆದು ನಾಲ್ಕನ್ನು ಹೊರಗೆ ಹಾಕಿದರು. ಐದನೆಯದು ಸಿಕ್ಕಿಬಿತ್ತು. ನೋಡಿದೆ. ಕಾರ್ತೂಸಿನ ಮೂಗು ಚೇಂಬರಿನ, ಅಂದರೆ ನಳಿಗೆಯ ಹಿಂದಿನ ತುದಿಯಲ್ಲಿ ಕಾರ್ತೂಸು ಕೂರುವ ಗೂಡಿನ, ಬಾಯಿಗೆ ಹೋಗದೆ ಅದರ ಕೆಳಗಿನ ಉಕ್ಕಿಗೆ ಗುದ್ದಿ ನಿಂತಿದೆ. ಹಿಂದಿನಿಂದ ಬೋಲ್ಟ್, ಲಿವರಿನ ಜೊತೆ ಹಿಂದೆ ಮುಂದೆ ಸರಿಯುವ ಉಕ್ಕಿನ ತುಂಡು, ಒತ್ತುತ್ತಿದೆ. ಕಾರ್ತೂಸು ಓರೆಯಾಗಿ ಬಿಗಿದಿದೆ. ಆರನೆಯದು ಇನ್ನೂ ನಳಿಕೆಯಲ್ಲೇ ಇದೆ.

ಇಂಥ ಹೊತ್ತಲ್ಲಿ ಲಿವರನ್ನು ಜೋರಾಗಿ ಒತ್ತಿ ಮುಚ್ಚಲು ಹೋಗುತ್ತಾರೆ. ಅದು ದೊಡ್ಡ ತಪ್ಪು. ಕಾರ್ತೂಸಿನ ತುದಿಯ ಗುಂಡು ಹಿಂದಕ್ಕೆ, ಮದ್ದು ತುಂಬಿದ ಕೇಸಿನೊಳಗೆ ಕುಸಿಯುತ್ತದೆ. ಹಾಗೆ ಕುಸಿದ ಕಾರ್ತೂಸನ್ನು ಹೊಡೆದರೆ ಒಳಗಿನ ಒತ್ತಡ ಏರುತ್ತದೆ.

ಚೇಂಬರ್ ಖಾಲಿ ಇರುವುದು ಕಣ್ಣಿಗೆ ಕಾಣುತ್ತಿತ್ತು. ಆದರೂ ಟಾರ್ಚ್ ಹಿಡಿದು ಇನ್ನೊಮ್ಮೆ ನೋಡಿದೆ. ಬಂದೂಕಿನ ಮೂತಿಯನ್ನು ಮರಳು ಚೀಲದ ಕಡೆ ಮಾಡಿದೆ. ಮ್ಯಾಗಜೀನ್ ನಳಿಕೆಯ ತುದಿಯಲ್ಲಿ ಒಂದು ಮುಚ್ಚಳ ಇರುತ್ತದೆ, ಒಂದು ಸ್ಕ್ರೂ ಮೇಲೆ ನಿಂತಿರುತ್ತದೆ. ಪಕ್ಕದಿಂದ ಕೈ ಹಾಕಿ, ಮುಚ್ಚಳದ ಮೇಲೆ ಬಟ್ಟೆ ಒತ್ತಿ ಹಿಡಿದು, ಸ್ಕ್ರೂ ಬಿಚ್ಚಿದೆ. ಹಿಡಿದಿದ್ದು ಒಳ್ಳೆಯದಾಯಿತು. ಒಳಗಿನ ಸ್ಪ್ರಿಂಗು ಕೈಯನ್ನೇ ಹಿಂದಕ್ಕೆ ದೂಡುವಷ್ಟು ಜೋರಾಗಿ ಬಂತು. ಈ ಬಂದೂಕಿಗೆ ಇಷ್ಟು ಗಟ್ಟಿ ಸ್ಪ್ರಿಂಗು ಇರುವುದಿಲ್ಲವಲ್ಲ ಅಂದುಕೊಂಡೆ. ಆದರೆ ಆಗ ಅವಸರ ಇತ್ತು. ಸ್ಪ್ರಿಂಗು ತೆಗೆದು, ಮೂತಿ ಬಗ್ಗಿಸಿದಾಗ ಆರನೆಯ ಕಾರ್ತೂಸು ಜಾರಿ ಬಟ್ಟೆಯ ಮೇಲೆ ಬಿತ್ತು. ಆಮೇಲೆ ಲಿವರ್ ಸ್ವಲ್ಪ ತೆರೆದು, ಬಿದಿರಿನ ಕಡ್ಡಿಯಿಂದ ಐದನೆಯದನ್ನು ಮೆಲ್ಲಗೆ ಎಬ್ಬಿಸಿದೆ.

ಅದನ್ನು ಅಳೆದೆ. .30-30 ಕಾರ್ತೂಸಿನ ಉದ್ದ ಜಾಸ್ತಿ ಅಂದರೆ 64.8 ಮಿಲಿಮೀಟರ್. ಹೊಸದು ಅದಕ್ಕೆ ತುಸು ಕಡಿಮೆ ಇರುತ್ತದೆ. ಇದು 63ಕ್ಕೂ ಕೆಳಗೆ ಇಳಿದಿತ್ತು. ಗುಂಡು ಕುಸಿದಿತ್ತು. ಉಳಿದವನ್ನೂ ಅಳೆದೆ. ಹೊರಗೆ ಬಂದಿದ್ದ ನಾಲ್ಕರಲ್ಲಿ ಇನ್ನೊಂದರದೂ ಅದೇ ಸ್ಥಿತಿ. ಅಂದರೆ ಇದು ಮೊದಲ ಸಲದ ಸಿಕ್ಕು ಅಲ್ಲ. ಯಾವಾಗಲೋ ಗುದ್ದಿಸಿಕೊಂಡದ್ದನ್ನು ತೆಗೆದು ಮತ್ತೆ ಅದನ್ನೇ ತುಂಬಿದ್ದಾರೆ.

ಎರಡನ್ನೂ ಬೇರೆ ಇಟ್ಟು, ಇವನ್ನು ಹೊಡೆಯಬೇಡಿ ಅಂದೆ. ಲೆಕ್ಕದ ಕಾರ್ತೂಸು, ಎಸೆಯುವ ಹಾಗೂ ಇಲ್ಲ. ಗೌಡರು ಠಾಣೆಯಲ್ಲಿ ಬರೆದುಕೊಟ್ಟು ಒಪ್ಪಿಸಿದರು.

ಹೊರಡುವ ಮುಂಚೆ ಚಹಾ ಕುಡಿಯುತ್ತಾ ಗೌಡರು ಒಂದು ಮಾತು ಹೇಳಿದರು.

"ಎಳ್ಳಮಾವಾಸಿಗಿ ಹೊಲಕ್ಕ ಒಯ್ದಾಗ ಛಲೋ ನಡೀತಿತ್ತು ನೋಡ್ರಿ. ಚಳ್ಯಾಗ ಏನೂ ತಕರಾರ ಇಲ್ಲ. ಬ್ಯಾಸಗಿ ಬಂತಂದ್ರ ಹಿಂಗ ಮಾಡ್ತದ."

ನಾನು ಹೂಂ ಅಂದೆ. ತಲೆಗೆ ಹಾಕಿಕೊಳ್ಳಲಿಲ್ಲ. ಗಿರಾಕಿಗಳು ಬಂದೂಕಿನ ಬಗ್ಗೆ ನೂರು ಮಾತು ಹೇಳುತ್ತಾರೆ. ಅಮಾವಾಸ್ಯೆಗೆ ಗುರಿ ತಪ್ಪುತ್ತದೆ ಅಂದವರೂ ಇದ್ದಾರೆ. ಈ ಮಾತನ್ನು ಅಂದೇ ಕಿವಿಗೊಟ್ಟು ಕೇಳಿದ್ದರೆ ಮುಂದಿನ ಎರಡು ತಿಂಗಳ ತಿರುಗಾಟ ತಪ್ಪುತ್ತಿತ್ತು.

ಬಂದೂಕು ಒಳಗೆ ಏನು ಮಾಡುತ್ತದೆ

ಲಿವರ್ ರೈಫಲ್ ಬಿಚ್ಚಿ ನೋಡದವರಿಗೆ ಇಲ್ಲಿ ಒಂದಿಷ್ಟು ಹೇಳಬೇಕು. ಇಲ್ಲದಿದ್ದರೆ ಮುಂದಿನದು ಗೊತ್ತಾಗುವುದಿಲ್ಲ.

ಕಾರ್ತೂಸುಗಳು ನಳಿಗೆಯ ಕೆಳಗಿನ ನಳಿಕೆಯಲ್ಲಿ ಒಂದರ ಹಿಂದೆ ಒಂದು ಮಲಗಿರುತ್ತವೆ. ಒಂದರ ಮೂಗು ಮುಂದಿನದರ ಬೆನ್ನಿಗೆ ತಾಗಿರುತ್ತದೆ. ಆ ಬೆನ್ನಿನಲ್ಲೇ ಸಿಡಿಯುವ ಕ್ಯಾಪ್ ಇರುವುದು. ಅದಕ್ಕೇ ಈ ಬಂದೂಕಿಗೆ ಚೂಪು ಮೂಗಿನ ಗುಂಡು ಹಾಕುವುದಿಲ್ಲ, ಚಪ್ಪಟೆ ಮೂಗಿನದೇ ಬೇಕು. ಮುಂದಿನ ತುದಿಯಿಂದ ಒಂದು ಉದ್ದನೆಯ ಸ್ಪ್ರಿಂಗು ಎಲ್ಲವನ್ನೂ ಹಿಂದಕ್ಕೆ ತಳ್ಳುತ್ತಿರುತ್ತದೆ.

ಲಿವರ್ ಕೆಳಗೆ ಎಳೆದಾಗ ಬೋಲ್ಟ್ ಹಿಂದೆ ಸರಿಯುತ್ತದೆ. ನಳಿಕೆಯಿಂದ ಒಂದು ಕಾರ್ತೂಸು ಹೊರಬಂದು ಕ್ಯಾರಿಯರ್ ಮೇಲೆ ಕೂರುತ್ತದೆ. ಕ್ಯಾರಿಯರ್ ಅಂದರೆ ಬಾವಿಯ ಏತದ ಹಾಗೆ. ಒಂದು ತುದಿಯಲ್ಲಿ ತಿರುಗಣೆ, ಇನ್ನೊಂದು ತುದಿ ಮೇಲೇಳುತ್ತದೆ. ಲಿವರಿನ ಕೊನೆಯ ಎಳೆತದಲ್ಲಿ ಅದು ಮೇಲೆದ್ದು ಕಾರ್ತೂಸನ್ನು ಚೇಂಬರಿನ ಬಾಯಿಯ ಮುಂದೆ ಹಿಡಿಯುತ್ತದೆ. ಅದೇ ಹೊತ್ತಿಗೆ ಅದರ ಮುಂದಿನ ಮುಖ ನಳಿಕೆಯ ಬಾಯಿಗೆ ಅಡ್ಡ ನಿಂತು, ಮುಂದಿನ ಕಾರ್ತೂಸು ಹೊರಗೆ ಬರದ ಹಾಗೆ ತಡೆಯುತ್ತದೆ. ಲಿವರ್ ಮುಚ್ಚುವಾಗ ಬೋಲ್ಟ್ ಮುಂದೆ ಬಂದು ಕಾರ್ತೂಸನ್ನು ಚೇಂಬರಿಗೆ ನೂಕುತ್ತದೆ.

ಈಗ ನೋಡಿ, ಲಿವರ್ ತೆರೆದು ಮುಚ್ಚುವ ಆ ಒಂದು ಕ್ಷಣ ಕ್ಯಾರಿಯರ್ ತಾನಾಗಿಯೇ ಮೇಲೆ ನಿಲ್ಲಬೇಕು. ಕೆಳಗಿನಿಂದ ಅದನ್ನು ಯಾರೂ ಎತ್ತಿ ಹಿಡಿದಿರುವುದಿಲ್ಲ. ಪಕ್ಕದಿಂದ ಒಂದು ಚಿಕ್ಕ ಚಪ್ಪಟೆ ಸ್ಪ್ರಿಂಗು ಒತ್ತಿ ಹಿಡಿದಿರುತ್ತದೆ, ಅಷ್ಟೇ. ಒಂದೇ ಸ್ಕ್ರೂ ಅದನ್ನು ರಿಸೀವರಿನ, ಅಂದರೆ ಈ ಭಾಗಗಳೆಲ್ಲ ಕೂರುವ ಉಕ್ಕಿನ ಗೂಡಿನ, ಒಳಗೋಡೆಗೆ ಕಚ್ಚಿಸಿರುತ್ತದೆ. ಬಂದೂಕು ಬಿಚ್ಚಿದರೂ ಬೇಗ ಕಣ್ಣಿಗೆ ಬೀಳುವ ಭಾಗ ಅಲ್ಲ ಅದು.

ಜೂನ್

ಮೇ 13ಕ್ಕೆ ಫಲಿತಾಂಶ ಬಂತು. ಗೌಡರು ಬಂದೂಕು ಬಿಡಿಸಿಕೊಂಡು, ಮುಂಗಾರಿನ ಬಿತ್ತನೆ ಗಡಿಬಿಡಿಯ ಮಧ್ಯೆ ಜೂನ್‌ನಲ್ಲಿ ತಂದುಕೊಟ್ಟರು. ಲೈಸೆನ್ಸಿನ ನಂಬರು, ಬಂದೂಕಿನ ನಂಬರು ನೋಡಿ ರಿಜಿಸ್ಟರಿನಲ್ಲಿ ಬರೆದುಕೊಂಡೆ. ಬಂದೂಕು ರಿಪೇರಿಗೂ 1959ರ ಆಯುಧ ಕಾಯ್ದೆಯಲ್ಲಿ ಬೇರೆ ಲೈಸೆನ್ಸ್ ಬೇಕು. ನಮ್ಮದು ಅಪ್ಪನ ಕಾಲದಿಂದ ಇದೆ.

ಬಿಚ್ಚಿದಾಗ ಮೂಗಿಗೆ ಮೊದಲು ಬಂದದ್ದು ವಾಸನೆ. ಹಳೆ ಗಾಣದ ಮನೆಯ ವಾಸನೆ. ಫೋನ್ ಮಾಡಿ ಕೇಳಿದೆ, "ಗೌಡ್ರ, ಇದಕ್ಕ ಯಾವ ಎಣ್ಣಿ ಹಾಕ್ತೀರಿ?"

"ಕುಸಬಿ ಎಣ್ಣಿರಿ. ಖಂಡೆ ಪೂಜಿಗಿ ಅವ್ವ ಹಚ್ತಾಳ. ಯಾಕ್ರಿ, ಮನಿ ಎಣ್ಣಿ, ಶುದ್ಧ ಅದ."

ಶುದ್ಧ ಇದೆ, ಅದೇ ತೊಂದರೆ. ಕುಸುಬೆ ಎಣ್ಣೆ ನಮ್ಮ ರೊಟ್ಟಿ ಪಲ್ಯಕ್ಕೆ ಅಮೃತ. ಆದರೆ ಅದು ಅಗಸೆ ಎಣ್ಣೆಯ ಹಾಗೆ ಗಾಳಿಗೆ ಒಣಗುವ ಜಾತಿ. ಬಣ್ಣ, ವಾರ್ನಿಶ್ ಮಾಡಲು ಅದನ್ನು ಬಳಸುವುದೂ ಇದಕ್ಕೇ. ತೆಳ್ಳಗೆ ಹಚ್ಚಿ ಬಿಟ್ಟರೆ ಮೊದಲು ಅಂಟಾಗುತ್ತದೆ, ವರ್ಷ ಕಳೆದಂತೆ ಹಳದಿ ಪದರವಾಗಿ ಗಟ್ಟಿಯಾಗುತ್ತದೆ. ಐವತ್ತು ದಸರಾಗಳ ಎಣ್ಣೆ ಒಂದರ ಮೇಲೊಂದು ಕೂತಿತ್ತು. ಅದರಲ್ಲಿ ಅರಿಶಿನ, ಕುಂಕುಮ, ಹೊಲದ ದೂಳು. ಕ್ಯಾರಿಯರ್ ತಿರುಗುವ ಎರಡು ಸ್ಕ್ರೂಗಳ ಸುತ್ತ ಜೇನುಮೇಣದ ಹಾಗೆ ಕಟ್ಟಿತ್ತು.

ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿದೆ. ಮೇಲಿನ ಅಂಟು ಹೋಯಿತು, ಹಳೆಯ ಪದರ ಜಗ್ಗಲಿಲ್ಲ. ಒಣಗಿ ಗಟ್ಟಿಯಾದ ಎಣ್ಣೆಗೆ ಸೀಮೆಎಣ್ಣೆ ಸಾಲದು. ಪೇಂಟ್ ಅಂಗಡಿಯ ಥಿನ್ನರ್ ತಂದೆ. ಮರದ ಭಾಗಗಳನ್ನು ಮೊದಲೇ ಬೇರೆ ಕೋಣೆಗೆ ಇಟ್ಟಿದ್ದೆ. ಥಿನ್ನರ್ ಒಂದು ಹನಿ ತಾಗಿದರೂ ಮರದ ಪಾಲಿಷ್ ಎದ್ದುಹೋಗುತ್ತದೆ. ಬ್ರಷ್, ಬಿದಿರು ಕಡ್ಡಿ, ಹಳೆ ಧೋತರದ ಚೂರು ಹಿಡಿದು ಮೂರು ದಿನ ಕೂತೆ. ಚೂರಿ, ಕಾನಸು ಯಾವುದನ್ನೂ ಮುಟ್ಟಲಿಲ್ಲ. ಕೆರೆದರೆ ಉಕ್ಕಿನ ಮೈ ಹೋಗುತ್ತದೆ.

ಎಲ್ಲ ಕಳಚಿ ತೊಳೆದ ಮೇಲೆ ಕ್ಯಾರಿಯರ್ ಬೆರಳಲ್ಲಿ ಮುಟ್ಟಿದರೆ ಸಾಕು, ಆಡುತ್ತಿತ್ತು. ನನಗೆ ಖುಷಿಯೋ ಖುಷಿ. ಅಂಟು ಹಿಡಿದು ಕ್ಯಾರಿಯರ್ ಪೂರ್ತಿ ಏಳುತ್ತಿರಲಿಲ್ಲ, ಅದಕ್ಕೇ ಕಾರ್ತೂಸಿನ ಮೂಗು ಕೆಳಗೆ ಗುದ್ದುತ್ತಿತ್ತು, ಈಗ ಸರಿಹೋಯಿತು ಅಂತ ತೀರ್ಮಾನಿಸಿದೆ. ಕೇಳಲು ಚೆಂದವಾಗಿದೆ, ಅಲ್ವಾ?

ನೋಡಬೇಕಲ್ಲ ಅಂತ ಆರು ಡಮ್ಮಿ ಕಾರ್ತೂಸು ಮಾಡಿಸಿದೆ. ಜೀವಂತ ಕಾರ್ತೂಸು ಹಾಕಿ ಅಂಗಡಿಯಲ್ಲಿ ಲಿವರ್ ಎಳೆಯುವ ಪದ್ಧತಿ ನಮ್ಮಲ್ಲಿಲ್ಲ. ಅಪ್ಪ ಅದಕ್ಕೆ ಕಪಾಳಕ್ಕೆ ಹೊಡೆಯುತ್ತಿದ್ದರು. ಬಡಗಿಯ ಹತ್ತಿರ ತೇಗದ ಮರದಲ್ಲಿ ಅಳತೆಗೆ ಸರಿಯಾಗಿ ಕಡೆಸಿದೆ. ಆರು ತುಂಬಿದೆ, ಆರೂ ಬಂದವು. ಹತ್ತು ಸಲ ಮಾಡಿದೆ, ಒಂದೂ ಸಿಕ್ಕಲಿಲ್ಲ. ಗೌಡರಿಗೆ ಫೋನ್ ಹಚ್ಚಿ ಬಂದು ಒಯ್ಯಿರಿ ಅಂದೆ. ದುಡ್ಡೂ ತೆಗೆದುಕೊಂಡೆ.

ವಾಪಸ್ ಬಂತು

ಒಂಬತ್ತನೇ ದಿನ ಗೌಡರು ಮತ್ತೆ ಬಂದರು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೂ ಹಗುರ ಆಗುತ್ತಿತ್ತು.

"ಮಿಸ್ತ್ರಿ, ಮೊದಲ ನಾಕ ಬರ್ತಿದ್ವು, ಕಡೀ ಎರಡಷ್ಟೇ ಸಿಗ್ತಿದ್ವು. ಈಗ ಮೂರನೇದಕ್ಕೇ ಸಿಕ್ಕಿ ಬಿತ್ತು. ತೊಳದದ್ದಕ್ಕ ಹಿಂಗಾಯ್ತೇನ್ರಿ?"

ತೊಳೆದದ್ದಕ್ಕೆ ಹೀಗಾಗುವುದು ಹೇಗೆ ಅಂತ ಹೇಳಲು ಬಾಯಿ ತೆರೆದೆ. ಹಾಗೇ ಮುಚ್ಚಿದೆ. ಅವರು ಹೇಳಿದ್ದೇ ನಿಜ ಇರಬಹುದಲ್ಲ?

ಆ ರಾತ್ರಿ ಒಂದು ಹಾಳೆಯಲ್ಲಿ ಗೊತ್ತಿದ್ದದ್ದನ್ನೆಲ್ಲ ಬರೆದೆ. ಚಳಿಯಲ್ಲಿ ನಡೆಯುತ್ತದೆ, ಬೇಸಿಗೆಯಲ್ಲಿ ಸಿಗುತ್ತದೆ. ನಳಿಕೆ ತುಂಬಿದಾಗ ನಡೆಯುತ್ತದೆ, ಖಾಲಿಯಾಗುತ್ತಾ ಬಂದಾಗ ಸಿಗುತ್ತದೆ. ಅಂಟು ಇದ್ದಾಗ ನಾಲ್ಕು ಬರುತ್ತಿದ್ದವು, ಅಂಟು ಹೋದ ಮೇಲೆ ಎರಡೇ. ಮರದ ಡಮ್ಮಿಗೆ ಏನೂ ಆಗುವುದಿಲ್ಲ, ನಿಜವಾದ ಕಾರ್ತೂಸಿಗೆ ಆಗುತ್ತದೆ.

ಕೊನೆಯ ಸಾಲು ಬರೆದಾಗ ಪೆನ್ನು ನಿಂತಿತು. ಮರದ ಡಮ್ಮಿ ಮೂರ್ನಾಲ್ಕು ಗ್ರಾಂ ಇದ್ದರೆ ಹೆಚ್ಚು. ನಿಜವಾದ ಕಾರ್ತೂಸು ಸುಮಾರು 22 ಗ್ರಾಂ. ನಾನು ಅಳತೆ ನೋಡಿ ಮಾಡಿಸಿದ್ದೆ, ತೂಕ ನೋಡಿರಲಿಲ್ಲ.

ಕ್ಯಾರಿಯರ್ ಮೇಲೇಳದೆ ಸಿಗುತ್ತಿಲ್ಲ. ಮೇಲೆದ್ದು, ಭಾರಕ್ಕೆ ಕೆಳಗೆ ಬೀಳುತ್ತಿದೆ. ಹಾಗಿದ್ದರೆ ಹಾಳೆಯ ಎಲ್ಲ ಸಾಲೂ ಕೂಡುತ್ತವೆ. ಚಳಿಯಲ್ಲಿ ಅಂಟು ಬಿಗಿಯಾಗಿ ಕ್ಯಾರಿಯರನ್ನು ಮೇಲೆ ಹಿಡಿದಿರುತ್ತಿತ್ತು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅದು ಮೆತ್ತಗಾಗಿ ಹಿಡಿತ ಬಿಡುತ್ತಿತ್ತು. ನಾನು ಅದನ್ನು ತೊಳೆದೇ ಹಾಕಿದೆ. ಇದ್ದ ಒಂದು ಆಸರೆಯೂ ಹೋಯಿತು.

ಹಾಗಾದರೆ ಮೊದಲ ಕಾರ್ತೂಸುಗಳು ಯಾಕೆ ಬರುತ್ತಿದ್ದವು? ನಳಿಕೆ ತುಂಬಿದ್ದಾಗ ಸ್ಪ್ರಿಂಗು ಪೂರ್ತಿ ಒತ್ತಿಕೊಂಡಿರುತ್ತದೆ. ಮುಂದಿನ ಕಾರ್ತೂಸಿನ ಬೆನ್ನು ಕ್ಯಾರಿಯರಿನ ಮುಖಕ್ಕೆ ಜೋರಾಗಿ ಒತ್ತುತ್ತದೆ. ಆ ಒತ್ತಿನ ತಿಕ್ಕಾಟದಲ್ಲೇ ಕ್ಯಾರಿಯರ್ ಮೇಲೆ ನಿಲ್ಲುತ್ತಿತ್ತು. ನಳಿಕೆ ಖಾಲಿಯಾದಂತೆ ಸ್ಪ್ರಿಂಗು ಬಿಚ್ಚಿಕೊಳ್ಳುತ್ತದೆ, ಒತ್ತು ಇಳಿಯುತ್ತದೆ, ಕ್ಯಾರಿಯರ್ ಕುಸಿಯುತ್ತದೆ.

ಆಗ ಆ ಗಟ್ಟಿ ಸ್ಪ್ರಿಂಗಿನ ಕಥೆಯೂ ಗೊತ್ತಾಯಿತು. ಹಿಂದೆ ಯಾರೋ ಈ ಬಂದೂಕನ್ನು ಕೈಗೆತ್ತಿಕೊಂಡಿದ್ದಾರೆ. ಕೊನೆಯ ಕಾರ್ತೂಸುಗಳು ಸಿಗುವುದನ್ನು ನೋಡಿದ್ದಾರೆ. ಸ್ಪ್ರಿಂಗು ಸೋತಿದೆ ಅಂದುಕೊಂಡು ದಪ್ಪ ತಂತಿಯದು ಹಾಕಿದ್ದಾರೆ. ಸ್ವಲ್ಪ ಗುಣವೂ ಕಂಡಿರಬೇಕು. ಒತ್ತು ಹೆಚ್ಚಿದ್ದಕ್ಕೆ ಒಂದು ಕಾರ್ತೂಸು ಜಾಸ್ತಿ ಬಂದಿರುತ್ತದೆ. ನಾನು ಆ ಮನುಷ್ಯನನ್ನು ಬೈಯುವ ಹಾಗಿಲ್ಲ. ಅವನು ಸ್ಪ್ರಿಂಗು ಬದಲಿಸಿ ಸರಿಹೋಯಿತು ಅಂದುಕೊಂಡ, ನಾನು ತೊಳೆದು ಸರಿಹೋಯಿತು ಅಂದುಕೊಂಡೆ. ಲೆಕ್ಕ ಸಮ.

ಹಿತ್ತಾಳೆ ಡಮ್ಮಿ

ಬೆಳಿಗ್ಗೆ ಕಪನೂರ ಇಂಡಸ್ಟ್ರಿಯಲ್ ಏರಿಯಾಕ್ಕೆ ಹೋದೆ. ಅಲ್ಲಿ ನಮಗೆ ಲೇತ್ ಕೆಲಸ ಮಾಡಿಕೊಡುವ ಚಾಚಾ ಒಬ್ಬರಿದ್ದಾರೆ. ಹಿತ್ತಾಳೆಯ ಸಲಾಕೆಯಲ್ಲಿ ಡಮ್ಮಿ ಕಡೆದುಕೊಡಿ ಅಂದೆ. ಅಂಚಿನ ಅಗಲ 12.8 ಮಿಲಿಮೀಟರ್, ಉದ್ದ 64, ಮೂಗು ಚಪ್ಪಟೆ. ಕ್ಯಾಪಿನ ಜಾಗದಲ್ಲಿ ಒಂದು ತೂತು, ಯಾರು ನೋಡಿದರೂ ಇದು ಸುಳ್ಳು ಕಾರ್ತೂಸು ಅಂತ ತಿಳಿಯಲಿ ಅಂತ.

ಮೊದಲನೆಯದನ್ನು ಸರಾಫ್ ಬಜಾರಿನ ಬಂಗಾರದ ತಕ್ಕಡಿಯಲ್ಲಿ ತೂಗಿಸಿದೆ. 40 ಗ್ರಾಂ ದಾಟಿತು. ಗಟ್ಟಿ ಹಿತ್ತಾಳೆ, ಇನ್ನೇನಾಗುತ್ತದೆ. ಚಾಚಾ ನಕ್ಕು, ಒಳಗೆ ಡ್ರಿಲ್ ಕೊರೆದು ಕೊರೆದು 22ಕ್ಕೆ ಇಳಿಸಿದರು. "ಬೇಟಾ, ಇಷ್ಟ ನಾಜೂಕ ಕೆಲಸ ಬೀದರಿನ ಬಿದ್ರಿಯವರಿಗಿ ಕೊಡಬೇಕಿತ್ತು," ಅಂತ ಗೊಣಗಿದರು. ಆರಕ್ಕೆ ದುಡ್ಡು ಮಾತ್ರ ಬಿದ್ರಿ ಕೆಲಸದಷ್ಟೇ ತೆಗೆದುಕೊಂಡರು.

ತುಂಬಿ ಲಿವರ್ ಎಳೆದೆ. ಮೊದಲನೆಯದು ಬಂತು. ಎರಡನೆಯದೂ ಬಂತು. ಮೂರನೆಯದು ಗಕ್ಕನೆ ನಿಂತಿತು. ಅದೇ ಜಾಗ, ಅದೇ ಓರೆ. ಅಂಗಡಿಯಲ್ಲಿ ತೊಂದರೆಯನ್ನು ನನ್ನ ಕೈಯಾರೆ ಕಂಡದ್ದು ಅದೇ ಮೊದಲು. ಇಷ್ಟು ದಿನ ಕಾಣದ ಕಳ್ಳನಿಗೆ ಬಲೆ ಬೀಸುತ್ತಿದ್ದೆ.

ಮಗಳ ಮೊಬೈಲ್ ತೆಗೆದುಕೊಂಡು ಸ್ಲೋ ಮೋಷನ್‌ನಲ್ಲಿ ಮೇಲಿನಿಂದ ವಿಡಿಯೋ ಮಾಡಿದೆ. ಮೂರು ಸಲ ನೋಡಿದ ಮೇಲೆ ಅನುಮಾನ ಉಳಿಯಲಿಲ್ಲ. ಕ್ಯಾರಿಯರ್ ಸರಿಯಾಗಿ ಪೂರ್ತಿ ಏಳುತ್ತದೆ. ಬೋಲ್ಟ್ ಮುಂದೆ ಹೊರಟು ಕಾರ್ತೂಸಿನ ಅಂಚಿಗೆ ತಾಗುವ ಹೊತ್ತಿಗೆ ಮೆಲ್ಲಗೆ ತಲೆ ಬಗ್ಗಿಸುತ್ತದೆ. ಜೋಳದ ತೆನೆ ಕಾಳು ತುಂಬಿ ಬಾಗುತ್ತದಲ್ಲ, ಹಾಗೆ. ಒಂದೆರಡು ಮಿಲಿಮೀಟರ್. ಅಷ್ಟು ಸಾಕು.

ಮತ್ತೆ ಬಿಚ್ಚಿದೆ. ಈ ಸಲ ಸೀದಾ ಆ ಚಪ್ಪಟೆ ಸ್ಪ್ರಿಂಗಿಗೆ ಹೋದೆ. ಬೆರಳಲ್ಲಿ ಅಲ್ಲಾಡಿಸಿದರೆ ಅಲ್ಲಾಡುತ್ತಿತ್ತು. ಸ್ಕ್ರೂ ಸಡಿಲ. ಸ್ಕ್ರೂವಿನ ಗೀರು ಕಿತ್ತು ಹೋಗಿತ್ತು, ಯಾವ ಕಾಲದಲ್ಲೋ ಸರಿಯಾಗಿ ಕೂಡದ ಪೇಚಕಸ್ ಹಾಕಿ ತಿರುವಿದ್ದಾರೆ. ಪೂರ್ತಿ ಬಿಗಿಯದೆ ಬಿಟ್ಟಿದ್ದಾರೆ. ಸಡಿಲು ಉಳಿದ ಸಂದಿಯಲ್ಲಿ ಕುಸುಬೆ ಎಣ್ಣೆ ಇಳಿದು, ಒಣಗಿ, ಗೋಂದಿನ ಹಾಗೆ ಸ್ಪ್ರಿಂಗನ್ನು ಹಿಡಿದುಕೊಂಡಿತ್ತು. ಮೊದಲ ಸಲ ಬಿಚ್ಚಿದಾಗ ನಾನೂ ಅದನ್ನು ಮುಟ್ಟಿ ನೋಡಿದ್ದೆ, ಗಟ್ಟಿ ಇತ್ತು. ಗಟ್ಟಿ ಇದ್ದದ್ದು ಗೋಂದಿನಿಂದ, ಸ್ಕ್ರೂವಿನಿಂದ ಅಲ್ಲ. ಥಿನ್ನರ್ ಹಾಕಿ ತೊಳೆದ ಮೇಲೆ ಇನ್ನೊಮ್ಮೆ ಮುಟ್ಟಿ ನೋಡಬೇಕಿತ್ತು. ನೋಡಲಿಲ್ಲ.

ಕಿತ್ತ ಗೀರಿನ ಸ್ಕ್ರೂ ಬದಲಿಸಿ ಹೊಸದು ಹಾಕೋಣ ಅಂದರೆ ನಮ್ಮ ಬಜಾರಿನಲ್ಲಿ ಸಿಗುವುದೆಲ್ಲ ಮೆಟ್ರಿಕ್ ಸ್ಕ್ರೂ. ಇವು ಅಮೆರಿಕದ ಹಳೆ ಇಂಚಿನ ಲೆಕ್ಕದವು. ಹತ್ತಿರ ಹತ್ತಿರ ಅಂತ ಒತ್ತಿ ತಿರುವಿದರೆ ರಿಸೀವರಿನ ದಾರವೇ ಹಾಳು. ಅದಕ್ಕೇ ಹಳೆಯ ಸ್ಕ್ರೂವನ್ನೇ ಉಳಿಸಿಕೊಂಡೆ. ಗೀರಿನ ಅಂಚುಗಳನ್ನು ಸಣ್ಣ ಕಾನಸಿನಿಂದ ನೇರ ಮಾಡಿದೆ. ಒಂದು ಪೇಚಕಸ್ ತುದಿಯನ್ನು ಆ ಗೀರಿಗೆ ಪೂರ್ತಿ ಕೂಡುವ ಹಾಗೆ ಸಾಣೆ ಹಿಡಿದೆ. ಬಂದೂಕಿನ ಕೆಲಸದಲ್ಲಿ ಅರ್ಧ ಹೊತ್ತು ಪೇಚಕಸ್ ಸಾಣೆಗೇ ಹೋಗುತ್ತದೆ. ಹೋಗಬೇಕು ಕೂಡ. ದಾರ ಒರೆಸಿ, ಕಡಿಮೆ ಹಿಡಿತದ ಥ್ರೆಡ್ ಲಾಕರ್ ಒಂದು ಹನಿ ಹಾಕಿ, ಬಿಗಿದೆ. ಮುಕ್ಕಾಲು ಸುತ್ತು ಹೋಗಿ ನಿಂತಿತು.

ಮುಕ್ಕಾಲು ಸುತ್ತು. ಎರಡು ತಿಂಗಳ ತಲೆನೋವಿನ ಅಳತೆ ಅದು.

ಕ್ಯಾರಿಯರ್ ಈಗ ಕೆಳಗಿದ್ದರೆ ಕೆಳಗೆ, ಮೇಲೆತ್ತಿದರೆ ಮೇಲೆ, ಎರಡೂ ಕಡೆ ಟಕ್ ಅಂತ ನಿಲ್ಲುತ್ತಿತ್ತು. ಸ್ಪ್ರಿಂಗನ್ನು ಬಗ್ಗಿಸಲಿಲ್ಲ. ಅಷ್ಟು ಹಳೆಯ ಚಪ್ಪಟೆ ಸ್ಪ್ರಿಂಗು ಮುರಿದರೆ ಬದಲಿ ಹುಡುಕುವುದು ಇನ್ನೊಂದು ಪ್ರಕರಣ ಆಗುತ್ತದೆ.

ಹಿತ್ತಾಳೆ ಡಮ್ಮಿ ಆರು ತುಂಬಿ ಎಳೆದೆ. ಆರೂ ಬಂದವು. ಮೆಲ್ಲಗೆ ಎಳೆದೆ, ಜೋರಾಗಿ ಎಳೆದೆ, ಬಂದೂಕು ಮಗ್ಗುಲಾಗಿಸಿ ಎಳೆದೆ. ಒಂದು ಸಲ ಬೇಕಂತಲೇ ಲಿವರನ್ನು ಅರ್ಧಕ್ಕೆ ಎಳೆದು ಮುಚ್ಚಿದೆ. ಕಾರ್ತೂಸು ಮೇಲೇಳಲಿಲ್ಲ. ಅದು ಬಂದೂಕಿನ ತಪ್ಪಲ್ಲ. ಲಿವರ್ ರೈಫಲ್ ಹಿಡಿಯುವವರು ಪೂರ್ತಿ ಎಳೆದು ಪೂರ್ತಿ ಮುಚ್ಚಬೇಕು, ನಾಜೂಕು ಮಾಡಬಾರದು. ಇದನ್ನು ಗೌಡರಿಗೂ ಹೇಳಿದೆ.

ಉಳಿದದ್ದು ಆ ದಪ್ಪ ಸ್ಪ್ರಿಂಗು. ಕಾರ್ತೂಸು ಬರುತ್ತಿದೆ, ಸುಮ್ನೆ ಯಾಕೆ ಮುಟ್ಟೋದು ಅಂತ ಒಂದು ಮನಸ್ಸು. ಆದರೆ ಆರನೆಯದನ್ನು ತುಂಬಲು ಹೆಬ್ಬೆರಳು ನೋಯುತ್ತಿತ್ತು. ಲಿವರ್ ಕೂಡ ಭಾರ. ಕ್ಯಾರಿಯರ್ ಪ್ರತಿ ಸಲ ಆ ಒತ್ತಿನ ವಿರುದ್ಧ ಉಜ್ಜಿಕೊಂಡು ಏಳಬೇಕು, ಅದರ ಮುಖ ಸವೆಯುತ್ತದೆ. ಚಾಚಾ ಗುರುತಿನವರ ಹತ್ತಿರ ತೆಳು ಪಿಯಾನೋ ತಂತಿಯಲ್ಲಿ ಒಂದು ಸುತ್ತಿಸಿದೆ. ಸ್ವಲ್ಪ ಉದ್ದವೇ ಇಟ್ಟುಕೊಂಡು, ಎರಡು ಸಲ ಕತ್ತರಿಸಿ ಹದ ಮಾಡಿದೆ. ಹದ ನೋಡಲು ನನ್ನದು ಒಂದೇ ಪರೀಕ್ಷೆ. ನಳಿಕೆಯಲ್ಲಿ ಕೊನೆಯ ಒಂದು ಡಮ್ಮಿ ಉಳಿದಿರಬೇಕು, ಬಂದೂಕಿನ ಮೂತಿ ನೆಲದ ಕಡೆ ಇರಬೇಕು. ಆಗಲೂ ಸ್ಪ್ರಿಂಗು ಆ ಡಮ್ಮಿಯನ್ನು ಮೇಲಕ್ಕೆ ತಳ್ಳಿ ಕ್ಯಾರಿಯರಿಗೆ ತಲುಪಿಸಬೇಕು. ತಲುಪಿಸಿದರೆ ಸಾಕು, ಅದಕ್ಕಿಂತ ಹೆಚ್ಚಿನ ಜೋರು ಬೇಡ. ತಲುಪಿಸಿತು.

ನಳಿಕೆಯಲ್ಲಿ ಒಂದು ಸಣ್ಣ ತಗ್ಗು ಇತ್ತು, ಒಳಗಿನಿಂದ ಸಲಾಕೆ ಹಾಕಿ ಎಬ್ಬಿಸಿದೆ. ಮರಕ್ಕೆ ಅಗಸೆ ಎಣ್ಣೆ ತಿಕ್ಕಿದೆ. ಮರಕ್ಕೆ ಒಣಗುವ ಎಣ್ಣೆ ಒಳ್ಳೆಯದು, ಅಲ್ಲಿ ಗಟ್ಟಿಯಾಗಲಿ ಅಂತಲೇ ಹಚ್ಚುವುದು. ಕಬ್ಬಿಣದ ಭಾಗಕ್ಕೆ ಹೊಲಿಗೆ ಮಷಿನ್ ಎಣ್ಣೆ, ಅದೂ ಬೆರಳ ತುದಿಯಷ್ಟು.

ಎಣ್ಣೆಯ ಪಂಚಾಯಿತಿ

ಬಂದೂಕು ಒಯ್ಯಲು ಗೌಡರ ಜೊತೆ ಅವರ ತಾಯಿಯೂ ಬಂದಿದ್ದರು. ಶರಣಬಸಪ್ಪನ ಗುಡಿಗೆ ಬಂದವರು ಹಾಗೇ ಅಂಗಡಿಗೂ ಬಂದರು. ಎಂಬತ್ತರ ಹತ್ತಿರದ ವಯಸ್ಸು. ನಾನು ಕುಸುಬೆ ಎಣ್ಣೆ ಬೇಡ ಅಂತ ಹೇಳಿದ್ದು ಅವರಿಗೆ ಸೇರಿರಲಿಲ್ಲ.

"ನಮ್ಮ ಮಾವ ಇದ್ದಾಗಿಂದ ಹಚ್ಚೀನಿ. ಹೊಲಿಗಿ ಮಿಷಿನ್ ಎಣ್ಣಿ ದೇವರಿಗಿ ಹಚ್ತಾರೇನಪಾ?"

ಏನು ಹೇಳುವುದು? ಥಿನ್ನರಿನಲ್ಲಿ ಕಳಚಿದ್ದ ಹಳದಿ ಪದರದ ಒಂದು ಚೂರು ಡಬ್ಬಿಯಲ್ಲಿ ಇಟ್ಟಿದ್ದೆ, ಅವರ ಅಂಗೈಗೆ ಹಾಕಿದೆ. ಉಗುರಿನಿಂದ ಗೀರಿ ನೋಡಿದರು. ಹೊತ್ತು ಬಿಟ್ಟು, "ನನ್ನ ಎಣ್ಣಿ ಡಬ್ಬಿ ಮುಚ್ಚಳಕ್ಕೂ ಹಿಂಗೇ ಹಿಡೀತದ," ಅಂದರು. ಎಣ್ಣೆ ಡಬ್ಬಿಯ ಮುಚ್ಚಳ ಅಂಟಿ ಕೂರುವುದನ್ನು ನಾನು ಎಷ್ಟು ಸಲ ನೋಡಿದ್ದೇನೆ, ಈ ಬಂದೂಕಿನ ಹೊತ್ತಲ್ಲಿ ನೆನಪಾಗಲೇ ಇಲ್ಲ.

ರಾಜಿ ಆಯಿತು. ಕುಸುಬೆ ಎಣ್ಣೆ ದೀಪಕ್ಕೆ, ಮತ್ತು ಬಂದೂಕಿನ ಹಿಂದಿನ ಮರಕ್ಕೆ ಒಂದು ಬೊಟ್ಟು. ಕಬ್ಬಿಣಕ್ಕೆ ನನ್ನ ಎಣ್ಣೆ. ಕುಂಕುಮವೂ ಮರಕ್ಕೇ.

ಮೊದಲ ಸಲ ತೆಗೆದುಕೊಂಡ ದುಡ್ಡಿನಲ್ಲೇ ಎರಡನೇ ಕೆಲಸವೂ ಮುಗಿಸಿದೆ. ಡಮ್ಮಿಗಳ ಖರ್ಚು ನನ್ನದೇ. ಅವು ಈಗಲೂ ನನ್ನ ಗಲ್ಲಾಪೆಟ್ಟಿಗೆಯಲ್ಲಿವೆ. ಮರದವು ಆರೂ ಮೊಮ್ಮಕ್ಕಳ ಆಟಕ್ಕೆ ಹೋದವು.

ಡಮ್ಮಿ ಹಾಕಿ ನೋಡಿದ್ದು ಕಾರ್ತೂಸು ಹತ್ತುವ ಕೆಲಸ ಮಾತ್ರ. ಹೊಡೆದಾಗ ಬಂದೂಕು ಹಿಂದೆ ಒದೆಯುತ್ತದೆ, ಒಳಗಿನ ಕಾರ್ತೂಸುಗಳೂ ಜರುಗುತ್ತವೆ. ಆಗ ಏನಾಗುತ್ತದೆ ಅನ್ನುವುದು ಹೊಡೆದ ಮೇಲೆಯೇ ಗೊತ್ತಾಗುವುದು. ಹೊಲದಲ್ಲಿ ಹೊಡೆದು ನೋಡುವ ಹಾಗಿಲ್ಲ. ನವೆಂಬರಿನಲ್ಲಿ ಗೌಡರು ಒಂದು ಶೂಟಿಂಗ್ ರೇಂಜಿನಲ್ಲಿ ಅನುಮತಿ ಪಡೆದು ಐದು ಹೊಡೆದರು. ಸಂಜೆ ಫೋನ್ ಬಂತು. "ಕಡೀದೂ ಬಂತ್ರಿ," ಅಷ್ಟೇ ಹೇಳಿದರು. ಆದರೆ ನವೆಂಬರ್ ಚಳಿಗಾಲ. ನಾನು ಬೇಸಿಗೆಗೆ ಕಾಯುತ್ತಿದ್ದೆ.

2024ರ ಲೋಕಸಭೆ ಚುನಾವಣೆಗೆ ಒಪ್ಪಿಸುವ ಮುಂಚೆ ಬಂದೂಕು ಮತ್ತೆ ನನ್ನ ಮೇಜಿಗೆ ಬಂತು. ಏಪ್ರಿಲ್, ಅದೇ ಉರಿ ಬಿಸಿಲು. ಬೇಕಂತಲೇ ಒಂದು ತಾಸು ಬಿಸಿಲು ತಾಗುವ ಹಾಗೆ ಒಳಗಿನ ಕಿಟಕಿಯ ಹತ್ತಿರ ಇಟ್ಟೆ. ಹಿತ್ತಾಳೆ ಡಮ್ಮಿ ಆರು ತುಂಬಿದೆ, ಆರೂ ಬಂದವು. ಬಿಚ್ಚಿ ನೋಡಿದೆ. ಸ್ಕ್ರೂ ಇಟ್ಟಲ್ಲೇ ಇತ್ತು. ಕ್ಯಾರಿಯರಿನ ಕೆಳಗೆ ದಸರಾದ ಚೆಂಡುಹೂವಿನ ಒಂದು ಎಸಳು ಸಿಕ್ಕಿತು, ಪೂರ್ತಿ ಒಣಗಿತ್ತು, ಎಣ್ಣೆ ಹತ್ತಿರಲಿಲ್ಲ.